ಆರಿಸಿದ ಉಲ್ಲೇಖಗಳು

ಬಾಗಿಲಲ್ಲಿ ಚಪ್ಪಲಿಯ ಸದ್ದಾದದ್ದೇ ತಡ, ಲೈಬ್ರರಿಯನ್ ಕಂಪ್ಯೂಟರಿನ ಪುಟವನ್ನು ಸರ್ರನೆ ಸರಿಸಿದ. ಲೇಖನದ ತಲೆಯ ಮೇಲಿದ್ದ ಕೆಂಪು ಪಟ್ಟಿ ಮರೆಯಾಯಿತು. ಅದರಲ್ಲಿದ್ದದ್ದು ಮೂರೇ ಪದ: ‘ಲೇಖನ ಹಿಂದಕ್ಕೆ ಪಡೆಯಲಾಗಿದೆ.’

“ಬನ್ನಿ ಅಮ್ಮ.”

ತೀರಿಕೊಂಡ ಡಾಕ್ಟರ ಹೆಂಡತಿ ಕುರ್ಚಿ ಎಳೆದುಕೊಂಡು ಕುಳಿತರು. ಇದೇ ಆಸ್ಪತ್ರೆಯ ಕೂಸುಗಳ ವಾರ್ಡಿನಲ್ಲಿ ನರ್ಸಾಗಿದ್ದವರು. ನಿವೃತ್ತಿಯಾದರೂ ಉಗುರು ಒತ್ತಿ ಕತ್ತರಿಸುವುದನ್ನು ಬಿಟ್ಟಿರಲಿಲ್ಲ. ಮೂರು ವರ್ಷದಿಂದ ತಿಂಗಳಿಗೊಮ್ಮೆ ಬರುತ್ತಾರೆ, ಒಂದೇ ಪ್ರಶ್ನೆ ಕೇಳುತ್ತಾರೆ.

“ಈ ತಿಂಗಳು ಎಷ್ಟು ಜನ?”

“ನಾಲ್ಕು.”

ಅವರು ತಲೆಯಾಡಿಸಿದರು. ನಗಲಿಲ್ಲ. ಎಂದೂ ನಕ್ಕವರಲ್ಲ.

ಡಾಕ್ಟರು ಬರೆದದ್ದು ಮೂವತ್ತೆಂಟು ಲೇಖನ. ಮೂವತ್ತೇಳನ್ನು ಯಾರೂ ಮೂಸಿ ನೋಡಲಿಲ್ಲ. ನವಜಾತ ಶಿಶುಗಳ ಸೋಂಕಿಗೆ ಒಂದು ಔಷಧವನ್ನು ಎರಡು ಪಟ್ಟು ಕೊಡಬಹುದು ಎಂದ ಒಂದೇ ಲೇಖನ ಅವರನ್ನು ದೊಡ್ಡವರನ್ನಾಗಿ ಮಾಡಿತು. ಎಲ್ಲೆಲ್ಲಿಯದೋ ಸಂಶೋಧಕರು ತಮ್ಮ ಬರಹಗಳಲ್ಲಿ ಅದನ್ನು ಉಲ್ಲೇಖಿಸಿದರು. ಬಡ್ತಿ ಬಂತು, ಹೊಸ ಲ್ಯಾಬ್ ಬಂತು. ಆಮೇಲೆ ಯಾರೋ ಅದನ್ನು ಪ್ರಕಟಿಸಿದ ಪತ್ರಿಕೆಗೆ ಗುಟ್ಟಾಗಿ ದೂರು ಬರೆದರು. ಅಂಕಿಗಳನ್ನು ತಿದ್ದಿದ್ದು ಸಾಬೀತಾಯಿತು. ನಾಲ್ಕೇ ತಿಂಗಳಲ್ಲಿ ಡಾಕ್ಟರ ಎದೆಬಡಿತ ನಿಂತಿತು.

ಸಾಯುವ ಮುಂಚೆ ಒಮ್ಮೆ ಇದೇ ಮೇಜಿಗೆ ಕೈಯೂರಿ ಹೇಳಿದ್ದರು: “ಮನೆಯವಳಿಗೆ ಮಾತ್ರ ಗೊತ್ತಾಗಬಾರದು ಕಣೋ.” ಲೈಬ್ರರಿಯನ್ ಮಾತು ಕೊಟ್ಟಿದ್ದ. ಅವನಿಗೆ ಕೆಲಸ ಕೊಡಿಸಿದವರೇ ಅವರು.

ಕೊಟ್ಟ ಮಾತಿಗಾಗಿ ಅವನು ಪ್ರತಿ ತಿಂಗಳೂ ಹೆಕ್ಕುವ ಕೆಲಸ ಮಾಡುತ್ತಿದ್ದ. ಈಗೀಗ ಆ ಲೇಖನವನ್ನು ಹೆಸರಿಸುವವರಲ್ಲಿ ಹೆಚ್ಚಿನವರು ಅದು ತಪ್ಪೆನ್ನುವುದಕ್ಕೇ ಹೆಸರಿಸುತ್ತಿದ್ದರು. ‘ನಮಗೆ ಬಂದ ಒಂದು ಪತ್ರದಿಂದ ಎಚ್ಚೆತ್ತು ನಮ್ಮ ಕ್ರಮ ಬದಲಿಸಿದೆವು’ ಎಂದೂ ಕೆಲವರು ಬರೆದಿದ್ದರು. ಆ ಪತ್ರವೂ ದೂರು ಕೊಟ್ಟವನದೇ, ಅವನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಎಂದು ಲೈಬ್ರರಿಯನ್ ಹಲ್ಲು ಕಡಿಯುತ್ತಿದ್ದ. ಅಂಥವುಗಳ ಪ್ರತಿಯೆಲ್ಲ ಮೇಜಿನ ಡ್ರಾಯರಿಗೆ. ಸುದ್ದಿ ತಿಳಿಯದೆ ಇನ್ನೂ ನಂಬಿಕೊಂಡಿದ್ದವರು ಮಾತ್ರ ಅಮ್ಮನ ಪಟ್ಟಿಗೆ, ವಿಳಾಸದ ಸಮೇತ. ಪಾಪ, ಅಮ್ಮ ಒಬ್ಬೊಬ್ಬರಿಗೂ ಕೂತು ಧನ್ಯವಾದ ಬರೆಯುತ್ತಾರಲ್ಲ.

ಧೂಳು ಒರೆಸುತ್ತಿದ್ದ ಅಟೆಂಡರ್ ತಡೆಯಲಾರದೆ ಗೊಣಗಿದ. “ದೇವರಂಥ ಮನುಷ್ಯ. ಆ ಮನೆಮುರುಕ ಒಂದ್ಸಲ ನನ್ನ ಕೈಗೆ ಸಿಗಬೇಕಿತ್ತು.”

ಲೈಬ್ರರಿಯನ್ ಕಣ್ಣು ಕೆಕ್ಕರಿಸಿದ. “ಅವನು ಬೇರೆ ಯಾರದೋ ವಿಷಯ ಹೇಳ್ತಿದಾನೆ ಅಮ್ಮ.”

“ಮನೆಮುರುಕರು ಹೊರಗಿನಿಂದ ಬರಲ್ಲ ಕಣಪ್ಪ,” ಎಂದು ಅವರು ಅಟೆಂಡರಿಗೆ ಹೇಳಿದರು. “ಹುಡುಕಿ ಸುಸ್ತಾಗಬೇಡ.”

ಅವರ ಒಂದು ಕಣ್ಣಿಗೆ ಹತ್ತಿಯ ಪಟ್ಟಿಯಿತ್ತು. ಪೊರೆ ತೆಗೆದು ಎರಡು ದಿನವಾಗಿತ್ತು. ಚೀಲದಿಂದ ಎಣಿಸಿ ನಾಲ್ಕು ಲಕೋಟೆ, ನಾಲ್ಕು ಖಾಲಿ ಹಾಳೆ, ಮಡಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

“ಅಕ್ಷರ ಕಾಣ್ತಿಲ್ಲ. ಈ ಸಲ ನೀನೇ ಬರೆದುಬಿಡು. ಎಲ್ಲರಿಗೂ ಬರೆಯೋದು ಅದೇ, ನೋಡ್ಕೊಂಡು ಇಳಿಸು. ತಡ ಮಾಡೋ ಹಾಗಿಲ್ಲ.”

“ಧನ್ಯವಾದಕ್ಕೆ ಅವಸರ ಏನಮ್ಮ,” ಎನ್ನುತ್ತ ಅವನು ಕಾಗದ ಬಿಡಿಸಿದ.

‘ಮಾನ್ಯರೇ, ನೀವು ನಂಬಿರುವ ಲೇಖನ ಸುಳ್ಳು. ದಯವಿಟ್ಟು ಯಾವ ಕೂಸಿಗೂ ಆ ಪ್ರಮಾಣದಲ್ಲಿ ಔಷಧ ಕೊಡಬೇಡಿ. ಸತ್ತ ಎರಡು ಕೂಸುಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆ ಎರಡಕ್ಕೂ ಸೂಜಿ ಹಾಕಿದವಳು ನಾನು. ಪತ್ರಿಕೆಗೆ ದೂರು ಕೊಟ್ಟವಳೂ ನಾನೇ, ಅದನ್ನು ಬರೆದವರ ಹೆಂಡತಿ.’

ಅವನ ಮೊಣಕಾಲು ತುಂಬಿದ ಡ್ರಾಯರಿಗೆ ಬಡಿಯಿತು.

“ಮೂರು ವರ್ಷದಿಂದ ಬರೀತಾನೇ ಇದೀನಿ,” ಎಂದರು ಅವರು. “ಒಬ್ಬರಾದರೂ ತಿದ್ದಿಕೊಂಡಿದ್ದರೆ ನೀನು ಹೇಳ್ತಿದ್ದೆ, ಅಲ್ವಾ?”