ಮೊದಲಿನ ಗಾಜು

"ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಮೊದಲಿನದರಲ್ಲಾ?" ಕನ್ನಡಕದಂಗಡಿಯವರು ಕೇಳಿದರು. ಅವಳು ಪಕ್ಕದಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿದಳು. "ನೀನೇ ಹೇಳಕ್ಕ."

"ಕಣ್ಣು ನಿಂದು ಕಣೇ, ನಾನೇನು ಹೇಳ್ಲಿ?" ಅಕ್ಕ ನಕ್ಕಳು.

ಅವಳಿಗೆ ನಗು ಬರಲಿಲ್ಲ. ಬಿಟ್ಟು ಬಂದ ಗಂಡನ ಮನೆಯಲ್ಲಿ ಅವಳು ಕಂಡದ್ದೆಲ್ಲ ಭ್ರಮೆ, ಕೇಳಿದ್ದೆಲ್ಲ ತಪ್ಪು. ಕೆನ್ನೆ ಊದಿಕೊಂಡಾಗಲೂ, ನೀನೇ ಮೆಟ್ಟಿಲಿಂದ ಬಿದ್ದಿದ್ದು, ಮರೆತಿದ್ದೀಯ ಅಂತ ಅವನು ನಂಬಿಸಿದ್ದ. ಅಕ್ಕನಿಗೂ ಅವಳು ಹಾಗೇ ಹೇಳಿದ್ದಳು.

"ತಪ್ಪು ಹೇಳಿದ್ರೆ ಬೈತೀರಾ?"

ಗಾಜು ಬದಲಿಸುತ್ತಿದ್ದ ಅಂಗಡಿಯವರ ಕೈ ಅಲ್ಲೇ ನಿಂತಿತು. "ಇದರಲ್ಲಿ ತಪ್ಪು ಅನ್ನೋದೇ ಇಲ್ಲಮ್ಮ. ನಿಮಗೆ ಹೇಗೆ ಕಾಣುತ್ತೋ ಅದೇ ಸರಿ."

ಅವಳು ಗೋಡೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. "ಮೊದಲಿನದರಲ್ಲಿ," ಅಂದಳು. ಆಮೇಲೆ, ತಿರುಗದೆಯೇ, ಇನ್ನೂ ಮೆಲ್ಲಗೆ:

"ನಾನವತ್ತು ಬಿದ್ದಿರಲಿಲ್ಲ, ಅಕ್ಕ."