ಹಲ್ಲಿನ ಗಂಟು

"ಇದನ್ನ ಯಾರೇ ಕಟ್ಟಿದ್ದು ನಿಂಗೆ?" ಗೆರ್ಗಾನಾ ಸೆವ್ದಾಳ ಮಣಿಕಟ್ಟು ಹಿಡಿದು ಇಡೀ ಕ್ಲಾಸಿಗೆ ಕಾಣುವಂತೆ ಮೇಲೆತ್ತಿದಳು. ವಸಂತದ ಸ್ವಾಗತಕ್ಕೆ ಮಾರ್ಚ್ ಒಂದರಂದು ಕಟ್ಟುವ ಕೆಂಪು-ಬಿಳಿ ದಾರ. ತಾವೇ ಕಟ್ಟಿಕೊಳ್ಳುವುದಲ್ಲ, ಗೆಳೆಯರು ಒಬ್ಬರಿಗೊಬ್ಬರು ಕಟ್ಟುವಂಥದ್ದು. ಸ್ವೆಟರ್ ತೋಳು ಮಡಚಿಕೊಂಡಿದ್ದ ಗೆರ್ಗಾನಾಳಿಗೆ ಮೊಣಕೈವರೆಗೂ ದಾರಗಳಿದ್ದವು. ಸೆವ್ದಾಳಿಗೆ ಒಂದೇ.

"ಗೆಳತಿ," ಅಂದಳು ಸೆವ್ದಾ.

"ಜಿಪ್ಸಿಗೆ ಗೆಳತಿಯಂತೆ! ನಿನ್ನ ಮುಟ್ಟಿದ್ದಕ್ಕೆ ಈಗ ನಾನೇ ಸೋಪು ಹಾಕಿ ಕೈ ತೊಳ್ಕೋಬೇಕು." ಗೆರ್ಗಾನಾ ಗಂಟನ್ನು ಕಣ್ಣಿನ ಹತ್ತಿರ ತಂದುಕೊಂಡಳು. "ನೋಡ್ರೋ, ಈ ತುದಿ ಜಜ್ಜಿಹೋಗಿದೆ, ಗಂಟು ಪಕ್ಕಕ್ಕೆ ವಾಲಿದೆ. ಹಲ್ಲಲ್ಲಿ ಕಚ್ಚಿ ಎಳೆದು ತಾನೇ ಕಟ್ಕೊಂಡಿದಾಳೆ, ಪಾಪ!" ಪ್ಲೊವ್ದಿವ್ ಊರಿನ ಶಾಲೆಯ ಆ ಒಂಬತ್ತನೇ ಕ್ಲಾಸು ಬೆಂಚು ಕುಟ್ಟಿ ನಕ್ಕಿತು.

ಸೆವ್ದಾಳ ಕಿವಿ ಉರಿಯುತ್ತಿತ್ತು. ಬೆಳಿಗ್ಗೆ ಬಚ್ಚಲಮನೆ ಬಾಗಿಲು ಹಾಕಿಕೊಂಡು ಹಾಗೇ ಕಟ್ಟಿಕೊಂಡಿದ್ದಳು, ಸುಳ್ಳೇನಲ್ಲ. ಆದರೂ ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಹಲ್ಲಲ್ಲಿ ಕಟ್ಟಿದ ಗಂಟು ಹಿಂಗೇ ಇರತ್ತೆ ಅಂತ ನಿಂಗೆ ಹೆಂಗೇ ಗೊತ್ತು?" ಎಂದು ಕೇಳಿದಳು.

ನಗು ನಿಂತಿತು. ಹಿಂದಿನ ಬೆಂಚಿನಿಂದ ಯಾರೋ, "ಹೌದಲ್ಲ! ಗೆರ್ಗಾನಾ, ನಿನ್ನ ಕೈನೂ ಒಂಚೂರು ತೋರಿಸೇ," ಅಂದರು. ಗೆರ್ಗಾನಾ ಸ್ವೆಟರಿನ ತೋಳನ್ನು ಬೆರಳತುದಿವರೆಗೂ ಎಳೆದುಕೊಂಡಳು.