ಚಕ್ರದ ಹಿಂದಿನ ನಿಂಬೆಹಣ್ಣು

ಕಾರು ಓಡಿಸುವುದು ಸುಕನ್ಯಳಿಗೆ ಚೆನ್ನಾಗಿಯೇ ಕುದುರಿತ್ತು, ದಿಬ್ಬವೊಂದನ್ನು ಬಿಟ್ಟು. ದಿಬ್ಬದಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕೆಂದರೆ ಸಾಕು, ಕಾರು ಹಿಂದಕ್ಕೆ ಜಾರುತ್ತಿತ್ತು. ಕೊನೆಗೆ ಕಾರು ಕಲಿಸುವ ಪಾಷಾ ಸಾಹೇಬರು ಹಿಂದಿನ ಚಕ್ರಕ್ಕೆ ತಾಗಿಸಿ ಒಂದು ನಿಂಬೆಹಣ್ಣು ಇಟ್ಟರು.

“ನೋಡಮ್ಮ, ಇದು ಒಡೀಬಾರ್ದು. ಒಡೀತು ಅಂದ್ರೆ ಟೆಸ್ಟಲ್ಲೂ ಫೇಲೇ.”

ದಿನವೂ ಒಡೆಯಿತು. ಒಡೆದದ್ದನ್ನೆಲ್ಲ ಹಿಂಡಿದ್ದರೆ ಒಂದು ಮದುವೆಗಾಗುವಷ್ಟು ಚಿತ್ರಾನ್ನ ಕಲಸಬಹುದಿತ್ತು.

ಟೆಸ್ಟಿನ ದಿನ ಅತ್ತೆಯೂ ಹಟ ಹಿಡಿದು ಜೊತೆಗೆ ಬಂದರು. ದಿಬ್ಬದ ಮೇಲೆ ಕಾರು ನಿಲ್ಲಿಸಿ, ತುದಿಯಲ್ಲಿ ನಿಂತಿದ್ದ ಇನ್‌ಸ್ಪೆಕ್ಟರರ ಸನ್ನೆಗೆ ಕಾಯುತ್ತ ಸುಕನ್ಯ ಪಕ್ಕದ ಕನ್ನಡಿಯಲ್ಲಿ ನೋಡುತ್ತಾಳೆ: ಅತ್ತೆ ಸೆರಗಿನ ಗಂಟು ಬಿಚ್ಚಿ, ನಿಂಬೆಹಣ್ಣೊಂದನ್ನು ಹಿಂದಿನ ಚಕ್ರಕ್ಕೆ ಒತ್ತಿಟ್ಟು, ಏನೂ ಅರಿಯದವರಂತೆ ದೂರ ಸರಿದರು! ಪಾಷಾ ಸಾಹೇಬರೇ ಹೇಳಿಕೊಟ್ಟಿರಬೇಕು ಎಂದುಕೊಂಡಳು. ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಹೊರಡಿ!”

ಉಸಿರು ಬಿಗಿಹಿಡಿದು ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಕಾರು ಕೂದಲೆಳೆಯಷ್ಟೂ ಹಿಂದೆ ಜಾರದೆ ದಿಬ್ಬ ಹತ್ತಿತು.

“ಪಾಸು,” ಎಂದರು ಇನ್‌ಸ್ಪೆಕ್ಟರು.

ಸುಕನ್ಯ ಕುಣಿಯುತ್ತ ಇಳಿದರೆ, ಅತ್ತೆಯ ಮುಖ ಸಣ್ಣದಾಗಿತ್ತು. ದಿಬ್ಬದಿಂದ ಉರುಳಿ ಬಂದ ನಿಂಬೆಹಣ್ಣನ್ನು ಎತ್ತಿಕೊಂಡು, ಏದುಸಿರು ಬಿಡುತ್ತ ಮೇಲೆ ಬಂದು ಇನ್‌ಸ್ಪೆಕ್ಟರರ ಮುಂದೆ ಹಿಡಿದರು.

“ಸ್ವಾಮಿ, ಇನ್ನೊಂದ್ ಸಲ ಓಡಿಸೋಕೆ ಹೇಳಿ. ಅಮ್ಮನೋರ ಗುಡೀಲಿ ಪೂಜೆ ಮಾಡಿಸಿ ತಂದಿಟ್ಟಿದ್ದೆ, ಹಣ್ಣು ಒಡೀಲೇ ಇಲ್ವಲ್ಲ!”